ಕವಾಟ ಕಳೆದುಕೊಂಡ ಪಿತ್ತನಾಳ

ಲಿವರಿನಿಂದ ಇಳಿಯುವ ಪಿತ್ತನಾಳ ಸಣ್ಣ ಕರುಳಿಗೆ ಬಂದು ತಲುಪುವ ಜಾಗದಲ್ಲಿ ಸ್ನಾಯುವಿನ ಒಂದು ಪುಟ್ಟ ಉಂಗುರವಿದೆ. ಮೇದೋಜೀರಕ ಗ್ರಂಥಿಯ ನಾಳವೂ ಅಲ್ಲೇ ಬಾಯಿ ತೆರೆಯುತ್ತದೆ. 1887ರಲ್ಲಿ ಇದರ ಕೆಲಸವನ್ನು ವಿವರಿಸಿದ ರುಜೆರೊ ಓಡಿ ಆಗಿನ್ನೂ ಇಟಲಿಯ ಪೆರುಜಿಯಾದಲ್ಲಿ ವೈದ್ಯಕೀಯ ವಿದ್ಯಾರ್ಥಿ. ದಿನಕ್ಕೆ ಅರ್ಧದಿಂದ ಒಂದು ಲೀಟರಿನಷ್ಟು ಪಿತ್ತರಸವನ್ನು ಈ ಉಂಗುರ ಹದವರಿತು ಕೆಳಕ್ಕೆ ಬಿಡುತ್ತದೆ. ಕರುಳಿನಲ್ಲಿರುವುದನ್ನು ಮೇಲೇರಲು ಬಿಡುವುದಿಲ್ಲ. ಕರುಳಿನಲ್ಲಿ ಬ್ಯಾಕ್ಟೀರಿಯಾಗಳ ಸಂತೆಯಿದ್ದರೂ ಪಿತ್ತನಾಳ ಹೆಚ್ಚುಕಡಿಮೆ ಶುದ್ಧವಾಗಿರುವುದು ಇದರಿಂದ.

ಮೇದೋಜೀರಕದ ತಲೆಭಾಗದಲ್ಲಿ ಕ್ಯಾನ್ಸರ್ ಬಂದಾಗ ಮಾಡುವ ವಿಪ್ಪಲ್ ಆಪರೇಷನ್ನಿನಲ್ಲಿ ಈ ಕವಾಟ ಹೋಗಿಬಿಡುತ್ತದೆ. ಗ್ರಂಥಿಯ ತಲೆಗೂ ಅದನ್ನು ಬಳಸಿಕೊಂಡಿರುವ ಸಣ್ಣ ಕರುಳಿನ ಮೊದಲ ಭಾಗವಾದ ಡ್ಯುವೋಡಿನಮ್ಮಿಗೂ ರಕ್ತ ಬರುವುದು ಒಂದೇ ನಾಳಗಳಿಂದ. ಹಾಗಾಗಿ ಒಂದನ್ನು ತೆಗೆದು ಇನ್ನೊಂದನ್ನು ಉಳಿಸುವುದು ಕಷ್ಟ. ಎರಡರ ಜೊತೆಗೆ ಪಿತ್ತಕೋಶ ಮತ್ತು ಪಿತ್ತನಾಳದ ಕೆಳತುದಿಯೂ ಹೊರಬರುತ್ತವೆ. ಬರ್ಲಿನ್ನಿನಲ್ಲಿ ವಾಲ್ಟರ್ ಕೌಷ್ 1909ರಲ್ಲೇ ಈ ಬಗೆಯ ಶಸ್ತ್ರಕ್ರಿಯೆ ಮಾಡಿದ್ದರು. ಹೆಸರು ಮಾತ್ರ 1935ರಲ್ಲಿ ತಮ್ಮ ರೋಗಿಗಳ ವಿವರ ಪ್ರಕಟಿಸಿದ ನ್ಯೂಯಾರ್ಕಿನ ಅಲೆನ್ ವಿಪ್ಪಲ್ ಅವರಿಗೆ ದಕ್ಕಿತು. ಆಮೇಲೆ ಸರ್ಜನ್ ಉಳಿದ ಗ್ರಂಥಿ, ಪಿತ್ತನಾಳ, ಜಠರ ಮೂರನ್ನೂ ಸಾಮಾನ್ಯವಾಗಿ ಸಣ್ಣ ಕರುಳಿಗೆ ಹೊಲಿಯುತ್ತಾರೆ. ಮೂರು ಹೊಲಿಗೆಯಲ್ಲೂ ದಾರಿ ತೆರೆದೇ ಇರುತ್ತದೆ.

ಅಂದರೆ ಕರುಳಿನ ಬ್ಯಾಕ್ಟೀರಿಯಾ ಇನ್ನು ಲಿವರಿನತ್ತ ಹತ್ತಬಹುದು, ಹತ್ತುತ್ತವೆ ಕೂಡ. ಆದರೂ ಬಹಳಷ್ಟು ಜನರಿಗೆ ಏನೂ ಆಗುವುದಿಲ್ಲ. ಹರಿಯುವ ಹಳ್ಳದಲ್ಲಿ ಕಸ ನಿಲ್ಲದ ಹಾಗೆ, ಮೇಲಿನಿಂದ ಸತತ ಇಳಿಯುವ ಪಿತ್ತ ಬಂದದ್ದನ್ನು ತೊಳೆದುಕೊಂಡು ಹೋಗುತ್ತದೆ. ತಪ್ಪಿಸಿಕೊಂಡು ಒಳಹೊಕ್ಕವನ್ನು ಲಿವರಿನಲ್ಲೇ ಬೀಡುಬಿಟ್ಟಿರುವ ಕುಪ್ಫರ್ ಜೀವಕೋಶಗಳು ನುಂಗಿಹಾಕುತ್ತವೆ. ತೊಂದರೆ ಶುರುವಾಗುವುದು ಹರಿವು ನಿಂತಾಗ. ತಿಂಗಳುಗಳೋ ವರ್ಷಗಳೋ ಕಳೆದ ಮೇಲೆ ಹೊಲಿದ ಜಾಗದ ಗಾಯ ಮಾಯುತ್ತಾ ಬಿಗಿದುಕೊಳ್ಳಬಹುದು, ಕಲ್ಲು ಕಟ್ಟಬಹುದು, ಕ್ಯಾನ್ಸರ್ ಮರಳಬಹುದು. ಆಗ ನಾಳದೊಳಗೆ ಒತ್ತಡ ಏರಿ ಬ್ಯಾಕ್ಟೀರಿಯಾ ನೇರ ರಕ್ತಕ್ಕೆ ನುಗ್ಗುತ್ತವೆ. ಮೈ ಗಡಗಡ ನಡುಗಿಸುವ ಚಳಿಜ್ವರ, ಕಾಮಾಲೆ, ಬಲಪಕ್ಕೆಯ ಕೆಳಗೆ ನೋವು: ಫ್ರಾನ್ಸಿನ ವೈದ್ಯ ಷಾರ್ಕೋ 1877ರಲ್ಲಿ ಗುರುತಿಸಿದ ಈ ಮೂರೂ ಎಲ್ಲರಲ್ಲೂ ಒಟ್ಟಿಗೆ ಬರುವುದಿಲ್ಲ. ವಿಪ್ಪಲ್ ಆದವರಲ್ಲಿ ನಡುಕದ ಜ್ವರವೊಂದೇ ಸಾಕು, ಅದೇ ದಿನ ಆಸ್ಪತ್ರೆಗೆ ಹೊರಡಲು. ವೈರಲ್ ಇರಬೇಕೆಂದು ಪ್ಯಾರಾಸಿಟಮಾಲ್ ನುಂಗಿ ಕಾಯುವ ನಮ್ಮ ಅಭ್ಯಾಸ ಇಲ್ಲಿ ಅಪಾಯಕಾರಿ.

ಸೋಂಕು ಅಲ್ಲಲ್ಲಿ ಗೂಡು ಕಟ್ಟಿದರೆ ಲಿವರಿನೊಳಗೆ ಕೀವು ತುಂಬುತ್ತದೆ. ಇದಕ್ಕೆ ರಕ್ತನಾಳದ ಕಡೆಯಿಂದಲೂ ಒಂದು ದಾರಿಯಿದೆ. ಲಿವರಿಗೆ ಬರುವ ರಕ್ತದಲ್ಲಿ ಸುಮಾರು ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬರುವ ಪೋರ್ಟಲ್ ಸಿರೆಯದು. ಪಿತ್ತನಾಳಗಳ ಗೋಡೆಗಾದರೋ ಆಹಾರ ಸಿಗುವುದು ಮುಖ್ಯವಾಗಿ ಲಿವರಿನ ಅಪಧಮನಿಯಿಂದ. ಆಪರೇಷನ್ನಿನಲ್ಲಿ ಆ ಅಪಧಮನಿಯ ಒಂದು ಕವಲನ್ನು ಕಟ್ಟಿ ಕತ್ತರಿಸುತ್ತಾರೆ. ಗ್ರಂಥಿಯ ಹೊಲಿಗೆಯಿಂದ ಜೀರ್ಣರಸ ಸೋರಿದರೆ ಆ ಕವಲಿನ ಮೋಟು ತುದಿಯನ್ನೇ ಅದು ಕೊರೆದು ಭಾರೀ ರಕ್ತಸ್ರಾವ ಆಗಬಹುದು. ಜೀವ ಉಳಿಸಲು ಕೆಲವೊಮ್ಮೆ ಮೂಲ ಅಪಧಮನಿಯನ್ನೇ ಮುಚ್ಚಬೇಕಾಗುತ್ತದೆ. ರಕ್ತಸ್ರಾವವೇನೋ ನಿಲ್ಲುತ್ತದೆ, ಆದರೆ ರಕ್ತ ಸಿಗದೆ ಸತ್ತ ಲಿವರಿನ ಭಾಗದಲ್ಲಿ ಬ್ಯಾಕ್ಟೀರಿಯಾ ನೆಲೆಯೂರಬಹುದು.

ಅಲ್ಟ್ರಾಸೌಂಡ್ ಅಥವಾ ಸಿ.ಟಿ. ನೋಡಿಕೊಂಡು ಚರ್ಮದ ಮೂಲಕ ಸಣ್ಣ ನಳಿಕೆ ಇಳಿಸಿ ಕೀವು ಬಸಿಯುತ್ತಾರೆ. ಆ್ಯಂಟಿಬಯಾಟಿಕ್ ವಾರಗಟ್ಟಲೆ ಬೇಕಾಗಬಹುದು. ಕಿರಿದಾದ ಹೊಲಿಗೆಯನ್ನು ಹಿಗ್ಗಿಸುವುದು ಇನ್ನೂ ಫಜೀತಿ. ಬಾಯಿಯಿಂದ ಇಳಿಸುವ ಮಾಮೂಲಿ ಎಂಡೋಸ್ಕೋಪ್ ಪಿತ್ತನಾಳದ ಬಾಯಿಯನ್ನು ಹುಡುಕುವುದು ಡ್ಯುವೋಡಿನಮ್ಮಿನಲ್ಲಿ, ಅದೇ ಈಗಿಲ್ಲ. ಕರುಳಿನ ಮಡಿಕೆಯಲ್ಲಿ ಬಹುದೂರ ಸಾಗಬಲ್ಲ ಉದ್ದನೆಯ ಸ್ಕೋಪ್ ಬೇಕು, ಇಲ್ಲವೇ ಪಕ್ಕೆಲುಬಿನ ಸಂದಿಯಿಂದ ಲಿವರನ್ನು ಹಾದು ನಾಳಕ್ಕೆ ಇಳಿಯಬೇಕು.

ಇಂಥವರ ಸ್ಕ್ಯಾನ್‌ನಲ್ಲಿ ಇನ್ನೊಂದು ವಿಚಿತ್ರ ಕಾಣುತ್ತದೆ. ಪಿತ್ತನಾಳಗಳೊಳಗೆ ಗಾಳಿ. ಬೇರೆಯವರಲ್ಲಾದರೆ ಗಾಬರಿಪಡಬೇಕಾದ ಸಂಗತಿ. ಕವಾಟವಿಲ್ಲದ ಇವರಲ್ಲಿ ದಾರಿ ತೆರೆದಿದೆ ಎಂಬುದರ ಗುರುತು ಅದು. ಆಪರೇಷನ್ನಿನ ಕಾಗದಪತ್ರ ಜೊತೆಗಿರದಿದ್ದರೆ ಬೇರೆ ಊರಿನ ವೈದ್ಯರು ಅದನ್ನು ಕಂಡು ದಿಕ್ಕು ತಪ್ಪಬಹುದು. ಹಿಂದಿನ ಸ್ಕ್ಯಾನಿನಲ್ಲಿ ಇದ್ದ ಗಾಳಿ ಈಗ ಕಾಣದೆ, ನಾಳಗಳೂ ಹಿಗ್ಗಿದ್ದರೆ, ಬಲ್ಲ ರೇಡಿಯಾಲಜಿಸ್ಟ್ ಮೊದಲು ಶಂಕಿಸುವುದು ಹೊಲಿದ ಜಾಗವನ್ನೇ.