ನಳ ನಿಂತಾಗ ಪೈಪಿನೊಳಗೆ ಏನಾಗುತ್ತದೆ?

ನಾಲ್ಕೈದು ದಿನಕ್ಕೊಮ್ಮೆ ನೀರು ಬಿಡುವ ಊರುಗಳಲ್ಲಿ ನಳ ತಿರುಗಿಸಿದರೆ ನೀರಿಗಿಂತ ಮೊದಲು ಗಾಳಿ ಬರುತ್ತದೆ. ಬುಸ್ಸೆಂದು ಸದ್ದು ಮಾಡಿ, ಒಂದಿಷ್ಟು ಕೆಂಪು ನೀರು ಉಗುಳಿ, ಆಮೇಲೆ ತಿಳಿಯಾಗುತ್ತದೆ. ಮುಚ್ಚಿದ ಪೈಪಿನೊಳಗೆ ಆ ಗಾಳಿ ಹೊಕ್ಕಿದ್ದಾದರೂ ಎಲ್ಲಿಂದ? ಗಾಳಿಗೆ ದಾರಿಯಿದ್ದ ಕಡೆ ಗಟಾರದ ನೀರಿಗೂ ದಾರಿ ಇರುತ್ತದೆ.

ಪೈಪು ತುಂಬಿ ಹರಿಯುವಾಗ ಒತ್ತಡ ಒಳಗಿನಿಂದ ಹೊರಕ್ಕಿರುತ್ತದೆ. ಬಿರುಕಿದ್ದರೆ ನೀರು ಸೋರಿ ಹೋಗುತ್ತದೆಯೇ ಹೊರತು ಹೊರಗಿನದು ಒಳಬರುವುದಿಲ್ಲ. ವಾಲ್ವ್ ಮುಚ್ಚಿದೊಡನೆ ಲೆಕ್ಕ ತಿರುಗುಮುರುಗಾಗುತ್ತದೆ. ಎತ್ತರದ ಬೀದಿಯ ಪೈಪಿನಲ್ಲಿದ್ದ ನೀರು ತಗ್ಗಿನ ಮನೆಗಳ ನಳಗಳಿಗೆ ಇಳಿಯುತ್ತಾ ಹಿಂದೆ ನಿರ್ವಾತ ಬಿಟ್ಟುಹೋಗುತ್ತದೆ. ಆಗ ಸಡಿಲ ಜೋಡಣೆ, ತುಕ್ಕು ಹಿಡಿದ ತೂತು, ಚರಂಡಿಯೊಳಗೇ ಹಾದುಹೋದ ಮನೆ ಸಂಪರ್ಕದ ಪೈಪು, ನೀರು ತುಂಬಿ ನಿಂತ ವಾಲ್ವ್ ಗುಂಡಿ, ಇವೆಲ್ಲ ಹೊಲಸನ್ನು ಒಳಗೆಳೆಯುವ ಬಾಯಿಗಳಾಗುತ್ತವೆ. ನೀರು ಸಾಲದೆಂದು ನಳಕ್ಕೆ ನೇರವಾಗಿ ಮೋಟರ್ ಹಚ್ಚಿದರೆ ಈ ಎಳೆತ ಇನ್ನಷ್ಟು ಜೋರು. ನಿಮ್ಮ ಮೋಟರ್ ನಿಮ್ಮ ಮನೆಗಷ್ಟೇ ಅಲ್ಲ, ಓಣಿಗೆಲ್ಲ ಗಟಾರ ಕುಡಿಸಬಹುದು.

ಇದಕ್ಕೆ ಸಾಕ್ಷಿ ಬೇಕಾದರೆ ಹುಬ್ಬಳ್ಳಿ-ಧಾರವಾಡ ನೋಡಬೇಕು. 2008ರ ಸುಮಾರಿಗೆ ಅಲ್ಲಿನ ಕೆಲವೇ ವಾರ್ಡುಗಳಿಗೆ ದಿನದ 24 ಗಂಟೆಯೂ ನೀರು ಬರತೊಡಗಿತು. ಉಳಿದ ಕಡೆ ಹಳೆಯ ಸರದಿಯೇ ಮುಂದುವರಿಯಿತು. ಎರಡೂ ಕಡೆಯ ನಳದ ನೀರನ್ನು ಪರೀಕ್ಷಿಸಿದ ಸಂಶೋಧಕರು 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಮಲದ ಗುರುತಾದ ಇ. ಕೋಲಿ ಬ್ಯಾಕ್ಟೀರಿಯಾ ಸರದಿ ನೀರಿನ ಮಾದರಿಗಳಲ್ಲಿ ಶೇ. 31.7ರಷ್ಟರಲ್ಲಿ ಸಿಕ್ಕಿತು, ನಿರಂತರ ನೀರಿನಲ್ಲಿ ಶೇ. 0.7ರಲ್ಲಿ ಮಾತ್ರ. 2015ರಲ್ಲಿ ಬಂದ ಮತ್ತೊಂದು ಅಧ್ಯಯನದ ಪ್ರಕಾರ, ನಿರಂತರ ನೀರಿನ ವಾರ್ಡುಗಳಲ್ಲಿ ಟೈಫಾಯ್ಡ್ ಕಂಡ ಮನೆಗಳು ಶೇ. 42ರಷ್ಟು ಕಡಿಮೆ. ಆದರೆ ಚಿಕ್ಕ ಮಕ್ಕಳ ಸಾಮಾನ್ಯ ಭೇದಿಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ. ಭೇದಿಗೆ ನೀರೊಂದೇ ದಾರಿಯಲ್ಲ. ಕೈ, ಊಟ, ನೊಣ, ಕೊಡದಲ್ಲಿ ಅದ್ದುವ ಲೋಟ, ಎಲ್ಲವೂ ಸೇರುತ್ತವೆ.

ರೋಗ ಬಂದಾಗ ನಾವು ನೀರನ್ನು ಅನುಮಾನಿಸದಿರಲು ಒಂದು ಕಾರಣವಿದೆ. ಕಾಲರಾ ಕೆಲವು ಗಂಟೆಗಳಿಂದ ಐದು ದಿನದೊಳಗೆ ಕಾಣಿಸಿಕೊಳ್ಳುತ್ತದೆ. ಟೈಫಾಯ್ಡಿಗೆ ಒಂದರಿಂದ ಮೂರು ವಾರ ಬೇಕು. ನೀರಿನಿಂದ ಬರುವ ಕಾಮಾಲೆಗಂತೂ ತಿಂಗಳೇ ಹಿಡಿಯಬಹುದು. ಕಣ್ಣು ಹಳದಿಯಾಗುವ ಹೊತ್ತಿಗೆ ಆ ನೀರು ಯಾರ ನೆನಪಿನಲ್ಲೂ ಇರುವುದಿಲ್ಲ. ನಿನ್ನೆಯ ಹೋಟೆಲ್ ಊಟದ ಮೇಲೆ ತಪ್ಪು ಹೊರಿಸುತ್ತೇವೆ.

ನೀರು ಬಿಟ್ಟಾಗ ಮೊದಲು ಬರುವುದನ್ನು ಕುಡಿಯಲು ಹಿಡಿಯಬೇಡಿ. ಶೌಚಾಲಯಕ್ಕೋ ಅಂಗಳಕ್ಕೋ ಬಳಸಿ. ತಿಳಿಯಾದದ್ದೆಲ್ಲ ಶುದ್ಧವಲ್ಲ, ಇ. ಕೋಲಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಕುಡಿಯುವ ನೀರನ್ನು ಬಿಸಿ ಮಾಡಿದರೆ ಸಾಲದು, ಕೊತಕೊತ ಕುದಿಯಬೇಕು; ಕುದಿ ಬಂದ ಮೇಲೆ ಒಂದು ನಿಮಿಷವಾದರೂ ಬಿಡಿ. ಆರಿದ ಮೇಲೆ ಅದೇ ಪಾತ್ರೆಯಲ್ಲಿ ಮುಚ್ಚಿಟ್ಟು, ಉದ್ದ ಹಿಡಿಯ ಸೌಟಿನಿಂದ ತೆಗೆಯಿರಿ. ಕುದಿಸಿದ ನೀರನ್ನು ತೊಳೆಯದ ಕೊಡಕ್ಕೆ ಸುರಿದು, ಬೆರಳು ಅದ್ದಿ ಲೋಟ ತುಂಬಿಸಿದರೆ ಒಲೆಗೆ ಹಾಕಿದ ಗ್ಯಾಸು ದಂಡ. ಭೇದಿ ಶುರುವಾದರೆ, ಅದರಲ್ಲೂ ಮಕ್ಕಳಿಗೆ, ಕೂಡಲೇ ಓಆರ್‌ಎಸ್ ಕುಡಿಸಿ. ಪ್ರಾಣ ತೆಗೆಯುವುದು ಹೆಚ್ಚಾಗಿ ಮೈಯ ನೀರು ಬತ್ತುವುದೇ.

ಮನೆಯೊಳಗಿನ ಜಾಗ್ರತೆ ಪೈಪಿನ ತೂತನ್ನು ಮುಚ್ಚುವುದಿಲ್ಲ. ಆ ಕೆಲಸ ನಗರಸಭೆಯದು. ದಾರಿಯಲ್ಲಿ ಹೊಕ್ಕ ರೋಗಾಣುಗಳನ್ನು ಕೊಲ್ಲಲು ನಳದ ಕೊನೆಯಲ್ಲಿ ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್ ಉಳಿದಿರಬೇಕೆಂಬುದು ದೇಶದ ಮಾನದಂಡ. ಪುಟ್ಟ ಕೊಳವೆಯ ನೀರಿಗೆ ಒಂದೆರಡು ಹನಿ ಪರೀಕ್ಷಾ ದ್ರಾವಣ ಹಾಕಿ, ಹಳದಿ ಬಣ್ಣ ಬರುತ್ತದೆಯೇ ಎಂದು ನೋಡಿದರೆ ಕ್ಲೋರಿನ್ ಇದೆಯೋ ಇಲ್ಲವೋ ತಿಳಿಯುತ್ತದೆ. ಐದು ನಿಮಿಷದ ಕೆಲಸ. ಓಣಿಯ ಕಟ್ಟಕಡೆಯ ಮನೆಯ ನಳದಲ್ಲಿ, ನಿಮ್ಮ ಕಣ್ಣೆದುರೇ ಇದನ್ನು ಮಾಡಿ ತೋರಿಸಿ ಎಂದು ನಗರಸಭೆಯವರನ್ನು ಈ ವಾರವೇ ಕೇಳಿ.