ಹಿತ್ತಲಲ್ಲೇ ಬೆಳೆಯಿರಿ ವಿಷವಿಲ್ಲದ ತರಕಾರಿ

ಮಾರುಕಟ್ಟೆಯಿಂದ ತಂದ ಸೊಪ್ಪಿಗೆ ಯಾವ ಔಷಧಿ ಹೊಡೆದಿದ್ದಾರೆ, ಎಂದು ಹೊಡೆದಿದ್ದಾರೆ ಎಂಬುದು ನಮಗೆ ತಿಳಿಯದು. ಕೀಟನಾಶಕ ಸಿಂಪಡಿಸಿದ ಬಳಿಕ ಇಂತಿಷ್ಟು ದಿನ ಕಾದು ಕೊಯ್ಯಬೇಕು. ಕಾಯದಿದ್ದರೆ ಅದರ ಅಂಶ ನಮ್ಮ ತಟ್ಟೆಗೆ ಬರುತ್ತದೆ. ಎಲೆಯ ಮೇಲಿನದು ತೊಳೆದರೆ ಒಂದಿಷ್ಟು ಹೋದೀತು, ಗಿಡ ಹೀರಿಕೊಂಡದ್ದು ಹೋಗದು. ಬೆಳೆಯುವ ಮಕ್ಕಳಿಗೆ ಇದರ ಅಪಾಯ ಹೆಚ್ಚು. ಎಲ್ಲ ತರಕಾರಿಯನ್ನೂ ನಾವೇ ಬೆಳೆಯಲಾಗದು ನಿಜ. ಆದರೆ ವಾರದಲ್ಲಿ ಎರಡು ದಿನದ ಪಲ್ಯಕ್ಕಾಗುವಷ್ಟು ಹಿತ್ತಲಲ್ಲೇ ಸಿಕ್ಕರೆ ಸಣ್ಣ ಲಾಭವೇನಲ್ಲ.

ಜಾಗ ಮತ್ತು ಕಾಲ: ದಿನಕ್ಕೆ ಸುಮಾರು 6 ಗಂಟೆ ಬಿಸಿಲು ಬೀಳುವ, ಶೌಚಗುಂಡಿಯಿಂದ ದೂರವಿರುವ ಜಾಗ ಆರಿಸಿ. ಮೊದಲಿಗೆ 6 ಅಡಿ ಉದ್ದ, 3 ಅಡಿ ಅಗಲದ ಎರಡು ಪಾತಿ ಸಾಕು. ಇಷ್ಟು ಅಗಲವಾದರೆ ಪಾತಿಯನ್ನು ತುಳಿಯದೆ ಬದಿಯಲ್ಲೇ ಕುಳಿತು ಕಳೆ ಕೀಳಬಹುದು. ಕರಾವಳಿಯ ಜಡಿಮಳೆಗೆ ಎಳೆಯ ಸೊಪ್ಪು ಕೊಳೆಯುತ್ತದೆ. ಹೊಸಬರು ಅಕ್ಟೋಬರ್‌ನಲ್ಲಿ ಮಳೆ ತಗ್ಗಿದ ಮೇಲೆ ಆರಂಭಿಸುವುದು ಒಳ್ಳೆಯದು.

ಮಣ್ಣು, ಗೊಬ್ಬರ: ಒಂದಡಿ ಆಳಕ್ಕೆ ಅಗೆದು ಕಲ್ಲು ತೆಗೆಯಿರಿ. ಪ್ರತಿ ಪಾತಿಗೆ ಎರಡು ಬುಟ್ಟಿ ಚೆನ್ನಾಗಿ ಕಳಿತ ಹಟ್ಟಿಗೊಬ್ಬರ ಮತ್ತು ಎರಡು ಹಿಡಿ ಒಲೆಯ ಬೂದಿ ಬೆರೆಸಿ. ಹಸಿ ಸಗಣಿ ಬೇಡ, ಅದರಲ್ಲಿ ರೋಗಾಣುಗಳಿರುತ್ತವೆ, ಬೇರೂ ಸುಡುತ್ತದೆ. ಮುಂದಿನ ಸಲಕ್ಕೆ ಅಡುಗೆಮನೆಯ ಸಿಪ್ಪೆ, ಚಹಾದ ಚರಟವನ್ನು ಒಣ ಎಲೆಯೊಂದಿಗೆ ಪದರ ಪದರವಾಗಿ ಹಾಕಿಡಿ. ಎರಡು ಮೂರು ತಿಂಗಳಲ್ಲಿ ಗೊಬ್ಬರ ಸಿದ್ಧ. ಮಾಂಸ, ಮೀನಿನ ತ್ಯಾಜ್ಯ ಹಾಕಬೇಡಿ. ಇಲಿ, ನೊಣ ಬರುತ್ತವೆ.

ಏನು ನೆಡಬೇಕು?: ಹರಿವೆಯಿಂದ ಆರಂಭಿಸಿ. ಬೀಜಕ್ಕೆ ಮರಳು ಬೆರೆಸಿ ತೆಳುವಾಗಿ ಚೆಲ್ಲಿದರೆ ತಿಂಗಳೊಳಗೆ ಕೊಯ್ಯಬಹುದು. ಬಸಳೆಗೂ ತೊಂಡೆಗೂ ಬೀಜವೇ ಬೇಡ. ನೆರೆಮನೆಯಿಂದ ಬಲಿತ ಬಳ್ಳಿಯ ತುಂಡು ಕೇಳಿ ತಂದು ನೆಟ್ಟು, ಚಪ್ಪರ ಕಟ್ಟಿದರೆ ಸಾಕು. ಅಲಸಂಡೆ, ಬೆಂಡೆ ಎರಡು ತಿಂಗಳೊಳಗೆ ಫಲ ಕೊಡುತ್ತವೆ. ಬದನೆ, ಟೊಮೆಟೊ ಆಮೇಲೆ ನೋಡೋಣ. ಅವುಗಳಿಗೆ ರೋಗಬಾಧೆ ಹೆಚ್ಚು.

ನೀರು, ಕೀಟ: ಬೆಳಿಗ್ಗೆ ಬುಡಕ್ಕೆ ನೀರುಣಿಸಿ. ಮಣ್ಣಿಗೆ ಬೆರಳಿಟ್ಟಾಗ ತೇವವಿದ್ದರೆ ಅಂದು ನೀರು ಬೇಡ. ಅಕ್ಕಿ ತೊಳೆದ ನೀರನ್ನೂ ಹಾಕಬಹುದು. ಹುಳಗಳನ್ನು ಕೈಯಿಂದಲೇ ಹೆಕ್ಕಿ ತೆಗೆಯಿರಿ. ಹೇನು ಹೆಚ್ಚಾದರೆ ಒಂದು ಲೀಟರ್ ನೀರಿಗೆ 5 ಮಿ.ಲೀ. ಬೇವಿನೆಣ್ಣೆ, ಕೆಲವು ಹನಿ ಸಾಬೂನು ದ್ರಾವಣ ಕಲಸಿ ಸಂಜೆ ಸಿಂಪಡಿಸಿ.

ಶುಚಿತ್ವ ಮರೆಯದಿರಿ: ಕುಂಡದ ತಟ್ಟೆ, ಬಕೆಟು, ತೆಂಗಿನ ಚಿಪ್ಪುಗಳಲ್ಲಿ ನೀರು ನಿಲ್ಲದಂತೆ ನೋಡಿಕೊಳ್ಳಿ. ಡೆಂಗಿ ಹರಡುವ ಸೊಳ್ಳೆ ಮೊಟ್ಟೆಯಿಡುವುದು ಅಲ್ಲಿಯೇ. ಮಣ್ಣು ಮುಟ್ಟಿದ ಕೈಯನ್ನು ಸಾಬೂನಿನಿಂದ ತೊಳೆಯಿರಿ. ಮನೆಯಲ್ಲೇ ಬೆಳೆದ ಸೊಪ್ಪಾದರೂ ತೊಳೆದೇ ಅಡುಗೆಗೆ ಬಳಸಿ.

ಹರಿವೆ ಪಲ್ಯಕ್ಕೆ ಒಲೆಯಿಂದ ಇಳಿಸಿದ ಮೇಲೆ ನಿಂಬೆರಸ ಹಿಂಡಿ. ಸೊಪ್ಪಿನ ಕಬ್ಬಿಣಾಂಶ ದೇಹಕ್ಕೆ ಚೆನ್ನಾಗಿ ಸೇರುತ್ತದೆ. ಊಟವಾದ ಕೂಡಲೇ ಚಹಾ ಕುಡಿದರೆ ಆ ಲಾಭ ಕುಗ್ಗುತ್ತದೆ. ರಕ್ತಹೀನತೆ ಇರುವ ಹೆಂಗಸರು ಇದನ್ನು ವಿಶೇಷವಾಗಿ ಗಮನಿಸಬೇಕು.

ಒಂದು ಪಾತಿ ಮಕ್ಕಳ ಪಾಲಿಗಿರಲಿ. ತಾವೇ ನೀರೆರೆದು ಬೆಳೆಸಿದ ಬೆಂಡೆಯನ್ನು ಮಕ್ಕಳು ತಟ್ಟೆಯ ಅಂಚಿಗೆ ಸರಿಸುವುದು ಕಡಿಮೆ. ಹೆಚ್ಚಾಗಿ ಬಂದದ್ದರಲ್ಲಿ ಒಂದು ಕಟ್ಟು ನೆರೆಮನೆಗೂ ಹೋಗಲಿ.