ಅಳತೆಯ ಶಿಸ್ತು: ರಾಕೆಟ್ ಕಟ್ಟುವ ಆಟವೊಂದು ಕಲಿಸುವ ಪಾಠ

ಬಿಡಿಭಾಗಗಳನ್ನು ಕೂಡಿಸಿ ದೊಡ್ಡದೊಂದು ವಸ್ತುವನ್ನು ನಿರ್ಮಿಸುವಲ್ಲೆಲ್ಲ ಅಳತೆಯ ಪ್ರಶ್ನೆ ಮೊದಲು ಬರುತ್ತದೆ. ಇಟ್ಟಿಗೆಗಳು ಒಂದೇ ಅಳತೆಯವಾಗಿರದಿದ್ದರೆ ಗೋಡೆ ನೆಟ್ಟಗೆ ಏಳದು. ಅಚ್ಚಿಗೆ ಹೊಂದುವ ಗುಂಬವಿಲ್ಲದಿದ್ದರೆ ಬಂಡಿಯ ಗಾಲಿ ಉರುಳದು. ಆಕಾಶಕ್ಕೆ ನೆಗೆಯುವ ರಾಕೆಟ್ಟಿಗೂ ಇದೇ ನಿಯಮವು ಅನ್ವಯಿಸುತ್ತದೆ.

ದಾನಿಗಳ ಔದಾರ್ಯದಿಂದ ಇಂದು ಅನೇಕ ಶಾಲೆಗಳಿಗೆ ಗಣಕಯಂತ್ರಗಳು ಬಂದಿವೆ. ಅವುಗಳ ಮುಂದೆ ಕುಳಿತ ಮಕ್ಕಳು ಕಲಿಯುತ್ತಿರುವರೋ ಕಾಲಹರಣ ಮಾಡುತ್ತಿರುವರೋ ಎಂಬ ಸಂದೇಹ ಪಾಲಕರಲ್ಲಿಯೂ ಅಧ್ಯಾಪಕರಲ್ಲಿಯೂ ಉಂಟು. ಅದು ನ್ಯಾಯವಾದ ಸಂದೇಹವೇ ಸರಿ. ಎಲ್ಲ ಆಟಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದುದರಿಂದ ಒಂದೇ ಒಂದು ಆಟವನ್ನು ತೆಗೆದುಕೊಂಡು, ಅದರಲ್ಲಿ ರಾಕೆಟ್ಟಿನ ಬಿಡಿಭಾಗಗಳಿಗೆ ಗೊತ್ತುಪಡಿಸಿರುವ ಅಳತೆಗಳು ಯಾವುವು, ಅವುಗಳಿಂದ ವಿದ್ಯಾರ್ಥಿಯು ಏನನ್ನು ಕಲಿಯಬಹುದು ಎಂಬುದನ್ನು ವಿವೇಚಿಸುವುದು ಈ ಲೇಖನದ ಉದ್ದೇಶವಾಗಿದೆ.

ಆ ಆಟದ ಹೆಸರು 'ಕರ್ಬಲ್ ಸ್ಪೇಸ್ ಪ್ರೋಗ್ರಾಂ'. ಮೆಕ್ಸಿಕೋ ನಗರದ ಸ್ಕ್ವಾಡ್ ಎಂಬ ಸಂಸ್ಥೆಯು ಇದನ್ನು 2011ರಲ್ಲಿ ಮೊದಲು ಹೊರತಂದು, 2015ರಲ್ಲಿ ಪೂರ್ಣರೂಪದಲ್ಲಿ ಪ್ರಕಟಿಸಿತು. ಕರ್ಬಿನ್ ಎಂಬುದು ಇದರಲ್ಲಿಯ ಕಲ್ಪಿತ ಗ್ರಹ. ಆಡುವವನು ಎಂಜಿನು, ಇಂಧನದ ಟ್ಯಾಂಕು, ಯಾತ್ರಿಕರ ಕೋಣೆ ಮೊದಲಾದವುಗಳನ್ನು ಒಂದರ ಮೇಲೊಂದು ಜೋಡಿಸಿ ರಾಕೆಟ್ಟನ್ನು ಕಟ್ಟಬೇಕು. ಬಳಿಕ ಅದನ್ನು ಹಾರಿಸಬೇಕು. ಲೆಕ್ಕ ತಪ್ಪಿದರೆ ಅದು ಬೀಳುತ್ತದೆ. ಇಲ್ಲಿ ವಾದಕ್ಕೆ ಆಸ್ಪದವಿಲ್ಲ.

ಈ ಭಾಗಗಳು ಬಹುಮಟ್ಟಿಗೆ ದುಂಡಗಿನ ಕಂಬದ ಆಕಾರದವು. ಅವುಗಳ ವ್ಯಾಸವು ಮನಬಂದಂತೆ ಇರುವುದಿಲ್ಲ. ಮೂಲ ಆಟದಲ್ಲಿ 0.625, 1.25, 2.5 ಮತ್ತು 3.75 ಮೀಟರು ಎಂಬ ನಾಲ್ಕು ಪ್ರಮಾಣಗಳಿವೆ. 2018ರಲ್ಲಿ ಬಂದ ವಿಸ್ತರಣೆಯೊಂದು 1.875 ಮತ್ತು 5 ಮೀಟರುಗಳ ಇನ್ನೆರಡು ಪ್ರಮಾಣಗಳನ್ನು ಸೇರಿಸಿತು. ಮೇಲ್ನೋಟಕ್ಕೆ ಇವು ಗೊತ್ತುಗುರಿಯಿಲ್ಲದ ಅಂಕೆಗಳಂತೆ ತೋರಬಹುದು. ಆದರೆ ಆರನ್ನೂ 0.625ರಿಂದ ಭಾಗಿಸಿ ನೋಡಿದರೆ 1, 2, 3, 4, 6, 8 ಎಂಬ ಸರಳ ಶ್ರೇಣಿಯು ದೊರೆಯುತ್ತದೆ. ವೃತ್ತದ ಕ್ಷೇತ್ರಫಲವು ವ್ಯಾಸದ ವರ್ಗವನ್ನು ಅನುಸರಿಸುವುದರಿಂದ, ಅವುಗಳ ಅಡ್ಡಕೊಯ್ತದ ಕ್ಷೇತ್ರಫಲಗಳು 1, 4, 9, 16, 36, 64ರ ಪ್ರಮಾಣದಲ್ಲಿರುತ್ತವೆ. ವ್ಯಾಸವು ಇಮ್ಮಡಿಯಾದರೆ ಕ್ಷೇತ್ರಫಲವು ನಾಲ್ಮಡಿಯಾಗುವುದೆಂಬ ಮಾತನ್ನು ಕರಿಹಲಗೆಯ ಮೇಲೆ ನೂರು ಸಲ ಬರೆದರೂ ಮನದಟ್ಟಾಗದ ಬಾಲಕನಿಗೆ ಇಲ್ಲಿ ಅದು ಕಣ್ಣಿಗೆ ಕಾಣುವ ಸಂಗತಿಯಾಗುತ್ತದೆ.

ಟ್ಯಾಂಕುಗಳ ಧಾರಣಶಕ್ತಿಯಲ್ಲಿಯೂ ಇಂಥದೇ ಕ್ರಮವಿದೆ. 1.25 ಮೀಟರಿನ ಟ್ಯಾಂಕುಗಳಿಗೆ 100, 200, 400, 800 ಎಂಬ ಸಂಖ್ಯೆಗಳಿವೆ. ಪ್ರತಿಯೊಂದೂ ಹಿಂದಿನದರ ಇಮ್ಮಡಿಯಷ್ಟನ್ನು ಹಿಡಿಯುತ್ತದೆ. ನಮ್ಮ ಹಿರಿಯರು ಕಾಳನ್ನು ಅಳೆಯುತ್ತಿದ್ದ ಅರೆಪಾವು, ಪಾವು, ಅಚ್ಚೇರು, ಸೇರುಗಳ ಕ್ರಮವೂ ಇದೇ ಅಲ್ಲವೆ? 800ರ ಟ್ಯಾಂಕಿನಲ್ಲಿ ಇಂಧನವೂ ಅದನ್ನು ಉರಿಸುವ ಉತ್ಕರ್ಷಕವೂ ಕೂಡಿ 4 ಟನ್ ಹಿಡಿಯುತ್ತವೆ. ಬರಿಯ ಟ್ಯಾಂಕಿನ ತೂಕ ಅರ್ಧ ಟನ್. 2.5 ಮೀಟರು ವರ್ಗದ ಅತಿ ಚಿಕ್ಕ ಟ್ಯಾಂಕಿನಲ್ಲಿಯೂ ಸರಿಯಾಗಿ ಅಷ್ಟೇ ಹಿಡಿಯುತ್ತದೆ, ಆದರೆ ಅದರ ಎತ್ತರ ಮೊದಲಿನದರ ಸುಮಾರು ಕಾಲು ಭಾಗ ಮಾತ್ರ.

ಹಾಗಾದರೆ ಎತ್ತರದ್ದೋ ಅಗಲದ್ದೋ, ಯಾವುದನ್ನು ಆರಿಸಬೇಕು? ಸಣ್ಣ ಟ್ಯಾಂಕುಗಳನ್ನು ಬಹಳ ಎತ್ತರಕ್ಕೆ ಪೇರಿಸಿದರೆ ಕೀಲುಗಳು ಬಾಗಿ, ರಾಕೆಟ್ಟು ಗಾಳಿಗೆ ಸಿಕ್ಕ ಜೋಳದ ದಂಟಿನಂತೆ ತೊನೆದಾಡುತ್ತದೆ. ಅಗಲವಾದುದನ್ನು ಆರಿಸಿದರೆ ನಿಲುವು ಭದ್ರವಾಗುತ್ತದೆ. ಆದರೆ ಗಾಳಿಗೆ ಎದುರಾಗುವ ಮೈ ಹೆಚ್ಚುತ್ತದೆ. ಬೇರೆ ಬೇರೆ ವ್ಯಾಸದ ಭಾಗಗಳನ್ನು ನೇರವಾಗಿ ಜೋಡಿಸುವುದನ್ನು ಆಟವು ನಿಷೇಧಿಸುವುದಿಲ್ಲ. ಆದರೆ ಹಾಗೆ ಮಾಡಿದಲ್ಲಿ ಹೊರಚಾಚಿದ ಅಂಚಿಗೆ ಗಾಳಿ ಬಡಿದು ವೇಗ ಕುಂದುತ್ತದೆ. ನಡುವೆ ಶಂಕುವಿನಾಕಾರದ ಹೊಂದಿಕೆಯ ತುಂಡೊಂದನ್ನು ಇಟ್ಟರೆ ಈ ದೋಷವು ಬಹುಮಟ್ಟಿಗೆ ನಿವಾರಣೆಯಾಗುತ್ತದೆ. ಹೀಗೆ ನಿಯಮವನ್ನು ಇಲ್ಲಿ ಬೆತ್ತವು ಕಲಿಸುವುದಿಲ್ಲ, ಪರಿಣಾಮವು ಕಲಿಸುತ್ತದೆ.

ಒಂದು ಕಡೆ ಮಾತ್ರ ಆಟವು ರಿಯಾಯಿತಿ ತೋರುವುದಿಲ್ಲ. ಕಕ್ಷೆಯಲ್ಲಿ ಎರಡು ನೌಕೆಗಳನ್ನು ಕೂಡಿಸುವ ಜೋಡಣೆಯ ಬಾಗಿಲುಗಳಲ್ಲಿ 0.625, 1.25 ಮತ್ತು 2.5 ಮೀಟರಿನ ಮೂರು ಬಗೆಗಳಿವೆ. ಒಂದು ಅಳತೆಯ ಬಾಗಿಲು ಇನ್ನೊಂದು ಅಳತೆಯದಕ್ಕೆ ಕೂಡುವುದೇ ಇಲ್ಲ. ಗಂಟೆಗಟ್ಟಲೆ ಶ್ರಮಿಸಿ ಎರಡು ನೌಕೆಗಳನ್ನು ಎದುರುಬದುರು ತಂದು ನಿಲ್ಲಿಸಿದ ಮೇಲೆ ಅಳತೆ ಬೇರೆಯೆಂದು ತಿಳಿದುಬಂದರೆ, ಆ ಶ್ರಮವೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೇಯ್ದಂತೆಯೇ.

ಇದು ಬರಿಯ ಆಟದ ಮಾತಲ್ಲ. 1970ರ ಏಪ್ರಿಲಿನಲ್ಲಿ ಚಂದ್ರನತ್ತ ಹೊರಟಿದ್ದ ಅಮೆರಿಕದ ಅಪೋಲೋ 13 ನೌಕೆಯ ಆಮ್ಲಜನಕದ ಟ್ಯಾಂಕು ಸಿಡಿದಾಗ, ಮೂವರು ಯಾತ್ರಿಕರು ಚಂದ್ರನ ಮೇಲಿಳಿಯುವ ಚಿಕ್ಕ ನೌಕೆಯಲ್ಲಿ ಆಶ್ರಯ ಪಡೆದರು. ಅದು ಇಬ್ಬರಿಗಾಗಿ ರಚಿಸಲ್ಪಟ್ಟಿತ್ತು. ಉಸಿರಿನ ಇಂಗಾಲದ ಡೈಆಕ್ಸೈಡು ಅಲ್ಲಿ ಅಪಾಯದ ಮಟ್ಟಕ್ಕೆ ಏರತೊಡಗಿತು. ಗಾಳಿಯನ್ನು ಶುದ್ಧಿಗೊಳಿಸುವ ಡಬ್ಬಿಗಳು ಮುಖ್ಯ ನೌಕೆಯಲ್ಲಿ ಸಾಕಷ್ಟಿದ್ದವು; ಆದರೆ ಅವು ಚೌಕಾಕಾರದವು, ಚಿಕ್ಕ ನೌಕೆಯವು ದುಂಡಗಿನವು. ಭೂಮಿಯ ಮೇಲಿದ್ದ ಎಂಜಿನಿಯರರು ಪ್ಲಾಸ್ಟಿಕ್ ಚೀಲ, ರಟ್ಟು, ಕೊಳವೆ, ಅಂಟುಪಟ್ಟಿಗಳಿಂದ ಹೊಂದಿಕೆಯೊಂದನ್ನು ರೂಪಿಸಿ, ಅದನ್ನು ಕಟ್ಟುವ ವಿಧಾನವನ್ನು ಬಾಯಿಮಾತಿನಿಂದ ತಿಳಿಸಿದರು. ಯಾತ್ರಿಕರು ಬದುಕಿ ಬಂದರು. ಮೊದಲೇ ಒಂದಾಗಿರದ ಅಳತೆಯು ಮೂರು ಜೀವಗಳಿಗೆ ಎರವಾಗುವುದರಲ್ಲಿತ್ತು. 1975ರ ಜುಲೈನಲ್ಲಿ ಅಪೋಲೋ ಮತ್ತು ಸೋವಿಯತ್ ಸೋಯುಜ್ ನೌಕೆಗಳು ಕಕ್ಷೆಯಲ್ಲಿ ಕೂಡಿದಾಗಲಾದರೂ, ಎರಡರ ನಡುವೆ ವಿಶೇಷವಾದ ಜೋಡಣಾ ಕೋಣೆಯೊಂದನ್ನು ಇರಿಸಬೇಕಾಯಿತು.

ಬೆಂಗಳೂರಿನಲ್ಲಿ ಕೇಂದ್ರ ಕಚೇರಿಯುಳ್ಳ ನಮ್ಮ ಇಸ್ರೋ ಸಂಸ್ಥೆಯ ನಡೆಯಲ್ಲಿಯೂ ಈ ವಿವೇಕವನ್ನು ಕಾಣಬಹುದು. 1980ರ ಜುಲೈ 18ರಂದು ರೋಹಿಣಿ ಉಪಗ್ರಹವನ್ನು ಕಕ್ಷೆಗೆ ಸೇರಿಸಿದ ಎಸ್.ಎಲ್.ವಿ.-3ರ ಮೊದಲ ಹಂತದ ವ್ಯಾಸ 1 ಮೀಟರು. ಅದರಿಂದಲೇ ರೂಪುಗೊಂಡ, ಅದೇ ವ್ಯಾಸದ ಮೋಟಾರುಗಳು ಮುಂದೆ ಎ.ಎಸ್.ಎಲ್.ವಿ.ಯ ಇಕ್ಕೆಲಗಳಲ್ಲಿ ಎರಡಾಗಿಯೂ, ಪಿ.ಎಸ್.ಎಲ್.ವಿ.ಯ ಸುತ್ತ ಆರಾಗಿಯೂ ನಿಂತವು. ಪಿ.ಎಸ್.ಎಲ್.ವಿ.ಯ 2.8 ಮೀಟರು ವ್ಯಾಸದ ಮೊದಲ ಹಂತದ ಮೋಟಾರೇ 2001ರಲ್ಲಿ ಮೊದಲು ಹಾರಿದ ಜಿ.ಎಸ್.ಎಲ್.ವಿ.ಗೂ ಆಧಾರವಾಯಿತು. ಅಲ್ಪ ಸಾಧನಗಳಿಂದ ಹೆಚ್ಚಿನದನ್ನು ಸಾಧಿಸಬೇಕಾದ ದೇಶಕ್ಕೆ ಪರೀಕ್ಷಿಸಲ್ಪಟ್ಟ ಅಳತೆಯೇ ಬಂಡವಾಳ.

ಆದರೂ ಆಟವನ್ನು ಪಠ್ಯಪುಸ್ತಕವೆಂದು ಭಾವಿಸಲಾಗದು. ಕರ್ಬಿನ್ ಗ್ರಹದ ತ್ರಿಜ್ಯ ಕೇವಲ 600 ಕಿಲೋಮೀಟರು. ನಮ್ಮ ಭೂಮಿಯದು ಸುಮಾರು 6,370. ಅಲ್ಲಿ ಕೆಳಗಿನ ಕಕ್ಷೆಗೆ ಸೆಕೆಂಡಿಗೆ 2.3 ಕಿಲೋಮೀಟರು ವೇಗ ಸಾಕು. ಇಲ್ಲಿ ಹತ್ತಿರ ಹತ್ತಿರ 7.8 ಬೇಕು. ಅಲ್ಲದೆ, ನಿಜವಾದ ರಾಕೆಟ್ಟಿನ ವ್ಯಾಸವನ್ನು ಅದು ಸಾಗಿಹೋಗಬೇಕಾದ ರಸ್ತೆ, ಸೇತುವೆ, ರೈಲುಮಾರ್ಗಗಳೂ ನಿರ್ಧರಿಸುತ್ತವೆ. 10 ಮೀಟರು ವ್ಯಾಸದ ಸ್ಯಾಟರ್ನ್ 5ರ ಮೊದಲ ಹಂತವನ್ನು ಜಲಮಾರ್ಗವಾಗಿ ನಾವೆಯಲ್ಲಿಯೇ ಸಾಗಿಸಬೇಕಾಯಿತು. ಆಟದಲ್ಲಿ ಈ ತೊಡಕಿಲ್ಲ. ಇದನ್ನು ವಿದ್ಯಾರ್ಥಿಗಳಿಗೆ ಬಿಡಿಸಿ ಹೇಳುವ ಹೊಣೆ ಅಧ್ಯಾಪಕರದು.

ಆ ಹೊಣೆಯನ್ನು ಹೊರುವ ಅಧ್ಯಾಪಕರು ಒಂದು ಪ್ರಯೋಗವನ್ನು ಮಾಡಿಸಬಹುದು. ತರಗತಿಯನ್ನು ಎರಡು ತಂಡಗಳಾಗಿ ವಿಂಗಡಿಸಿ, ಕಕ್ಷೆಯಲ್ಲಿ ಕೂಡಬೇಕಾದ ಎರಡು ನೌಕೆಗಳನ್ನು ಬೇರೆ ಬೇರೆಯಾಗಿ ಕಟ್ಟಲು ಹೇಳಬೇಕು. ತೂಕ, ವ್ಯಾಸ, ಇಂಧನಗಳ ಲೆಕ್ಕವನ್ನು ಮೊದಲು ಕಾಗದದ ಮೇಲೆ ಬರೆಸಬೇಕು. ಬಳಿಕವೇ ಯಂತ್ರವನ್ನು ಮುಟ್ಟಗೊಡಬೇಕು. ಜೋಡಣೆಯ ಬಾಗಿಲು ಎಷ್ಟು ಮೀಟರಿನದಾಗಿರಬೇಕೆಂಬುದನ್ನು ಎರಡೂ ತಂಡಗಳು ಕೂಡಿ ಕುಳಿತು ಮೊದಲೇ ಗೊತ್ತುಪಡಿಸಿಕೊಳ್ಳಲಿ. ನೌಕೆಯ ಉಳಿದೆಲ್ಲ ವಿಷಯಗಳಲ್ಲಿ ಪ್ರತಿಯೊಂದು ತಂಡವೂ ತನ್ನ ಕಲ್ಪನೆಯಂತೆ ನಡೆಯಲು ಸ್ವತಂತ್ರ. ಒಂದೇ ಒಂದು ಅಳತೆಯಲ್ಲಿ ಒಮ್ಮತವಿದ್ದರೆ ಉಳಿದ ನೂರರಲ್ಲಿ ಸ್ವಾತಂತ್ರ್ಯವು ಸಾಧ್ಯವೆಂಬುದನ್ನು ಮಕ್ಕಳು ಕೈಯಾರೆ ಮಾಡಿ ಅರಿತರೆ, ಶಾಲೆಗೆ ಬಂದ ಗಣಕಯಂತ್ರವು ಸಾರ್ಥಕವಾಯಿತೆಂದೇ ತಿಳಿಯಬೇಕು.